ತೂಕ ಇತ್ತು, ಉದ್ದ ಇರಲಿಲ್ಲ

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತೇನೆ. ಒಂದು ದಿನ 640 ಎಂಎಂ ಉದ್ದದ ಎರಡು ಶಾಫ್ಟ್‌ಗೆ ಅರ್ಜೆಂಟ್ ಆರ್ಡರ್ ಬಂತು. ಬೇಕಿದ್ದದ್ದು 50 ಎಂಎಂ ವ್ಯಾಸದ ಇಎನ್24 (ಉಕ್ಕಿನ ಒಂದು ಗ್ರೇಡ್) ರೌಂಡ್ ಬಾರ್. ಕಂಪ್ಯೂಟರ್‌ನಲ್ಲಿ ಸ್ಟಾಕ್ 140 ಕೆಜಿ ಅಂತ ಇತ್ತು. ಉಕ್ಕಿನ ರೌಂಡ್ ಬಾರಿಗೆ ಎಂಎಂನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. ಇದಕ್ಕೆ ಸುಮಾರು 15.4. ಅಂದರೆ ಒಂಬತ್ತು ಮೀಟರ್ ಮಾಲು. ‘ಇದೆ’ ಎಂದುಬಿಟ್ಟೆ. ರ‍್ಯಾಕ್ ಹತ್ತಿರ ಹೋದರೆ ಇದ್ದದ್ದು ಇಪ್ಪತ್ತೆರಡು ತುಂಡು, ಅದರಲ್ಲಿ ಅತಿ ಉದ್ದದ್ದು 510.

ಬಾರ್ ಖರೀದಿ ಕೆಜಿ ಲೆಕ್ಕದಲ್ಲಿ, ಬಿಲ್ಲೂ ಕೆಜಿಯಲ್ಲಿ. ಹಾಗಾಗಿ ಸ್ಟಾಕನ್ನೂ ಕೆಜಿಯಲ್ಲೇ ಇಟ್ಟಿದ್ದೆವು. ಆದರೆ ಕೆಲಸಕ್ಕೆ ಬೇಕಾಗುವುದು ಉದ್ದ. ಇದರ ತದ್ವಿರುದ್ಧ ಗೋಳೂ ಇತ್ತು: ಕೆಲವು ಜಾಬ್‌ಗಳಿಗೆ ಇಡೀ ಬಾರನ್ನೇ ಖರ್ಚು ಬರೆದು, ಉಳಿದ ತುಂಡನ್ನು ರ‍್ಯಾಕಿಗೆ ಎಸೆಯುತ್ತಿದ್ದರು. ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಕಣ್ಣೆದುರೇ ಮಾಲು ಬಿದ್ದಿರುತ್ತಿತ್ತು, ನಾವು ಹೊಸ ಬಾರ್ ತರಿಸುತ್ತಿದ್ದೆವು.

ಅದಕ್ಕಿಂತ ನೋವಾದದ್ದು ಇನ್ನೊಂದು. ಇಎನ್24 ಅಂದುಕೊಂಡು ಇಎನ್8 ಅನ್ನೋ ಬೇರೆ ಗ್ರೇಡಿನ ತುಂಡಿನಲ್ಲಿ ಶಾಫ್ಟ್ ಮಾಡಿ, ಹೀಟ್ ಟ್ರೀಟ್‌ಮೆಂಟಿಗೆ ಕಳಿಸಿದೆವು. ಹಾರ್ಡ್‌ನೆಸ್ ಬರಲಿಲ್ಲ. ಟರ್ನಿಂಗ್, ಕೀ-ವೇ ಎಲ್ಲ ಮುಗಿದಿದ್ದ ಶಾಫ್ಟ್ ಗುಜರಿಗೆ ಹೋಯಿತು. ಎರಡೂ ನೋಡಲು ಒಂದೇ ಥರದ ಕಪ್ಪು ಬಾರ್. ಗುರುತಿಗೆ ಇದ್ದದ್ದು ತುದಿಯ ಬಣ್ಣ ಮಾತ್ರ. ಬ್ಯಾಂಡ್‌ಸಾ (ಬಾರ್ ಕತ್ತರಿಸುವ ಗರಗಸ) ನೋಡಿಕೊಳ್ಳುವ ಹಿರಿಯರನ್ನು ಕೇಳಿದೆ. “ಬಣ್ಣ ಇರೋ ಕಡೆಯಿಂದ ಕಟ್ ಮಾಡಿದ್ರೆ ಉಳಿದಿದ್ದು ಯಾವ ಮಾಲು ಅಂತ ಹೆಂಗ್ ಗೊತ್ತಾಗ್ಬೇಕು ಸರ್?” ಅಂದರು. ನಮ್ಮ ಈಗಿನ ಪದ್ಧತಿ ಶುರುವಾದದ್ದು ಅವರ ಆ ಮಾತಿನಿಂದ.

ಈಗ ಬಣ್ಣ ಇಲ್ಲದ ತುದಿಯಿಂದಲೇ ಕಟಿಂಗ್. 150 ಎಂಎಂಗಿಂತ ಉದ್ದ ಉಳಿದರೆ ಸಾ ಮೇಲಿಂದ ಇಳಿಸುವ ಮೊದಲೇ ಅದರ ಮುಖಕ್ಕೆ ನಂಬರ್ ಪಂಚ್ ಹೊಡೆಯಬೇಕು. ಮಾರ್ಕರಲ್ಲಿ ಬರೆದು ನೋಡಿದ್ದೆವು, ಕೂಲೆಂಟ್ ಎಣ್ಣೆಗೆ ಅಳಿಸಿಹೋಗುತ್ತಿತ್ತು. ಆ ನಂಬರಿನ ಎದುರು ಎಕ್ಸೆಲ್‌ನಲ್ಲಿ ಗ್ರೇಡ್, ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಸಂಖ್ಯೆ), ವ್ಯಾಸ, ಉದ್ದ, ರ‍್ಯಾಕಿನ ಖಾನೆ. 1100ರ ತುಂಡಿನಲ್ಲಿ 300 ಕತ್ತರಿಸಿದರೆ ಬ್ಲೇಡಿಗೆ 2 ಎಂಎಂ ಕಳೆದು 798 ಅಂತ ಬರೆಯುತ್ತೇವೆ. ಜಾಬಿಗೆ ಖರ್ಚು ಹಾಕುವುದು ಆ 302 ಎಂಎಂ ತೂಕವನ್ನು ಮಾತ್ರ.

ಮೊದಲು ‘ಸಂಜೆ ಸ್ಟೋರಿನವರು ಬರೆದುಕೊಳ್ಳಲಿ’ ಅಂತ ಮಾಡಿದ್ದೆ. ನಡೆಯಲಿಲ್ಲ. ಸಂಜೆ ಹೊತ್ತಿಗೆ ಹತ್ತು ತುಂಡು ಒಂದರ ಮೇಲೊಂದು ಬಿದ್ದಿರುತ್ತಿದ್ದವು, ಯಾವುದು ಯಾವ ಬಾರಿನದು ಅಂತ ಊಹೆಯೇ ಗತಿ. ಕತ್ತರಿಸಿದವರ ಕೈಯಲ್ಲೇ ಬರೆಸಬೇಕು, ಆಗಲೇ ಬರೆಸಬೇಕು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಜಾಬ್ ಕಾರ್ಡ್ ಬಂದಾಗ ಮೊದಲು ತುಂಡುಗಳ ಪಟ್ಟಿ ನೋಡುತ್ತೇನೆ. ಸಾಕಾಗುವವುಗಳಲ್ಲಿ ಅತಿ ಚಿಕ್ಕದನ್ನು ಕೊಡುತ್ತೇನೆ. ಯಾವುದೂ ಸಾಲದಿದ್ದರೆ ಮಾತ್ರ ಪೂರ್ತಿ ಬಾರಿಗೆ ಕೈ ಹಾಕುವುದು. ವರ್ಷವಾದರೂ ಯಾರೂ ಮುಟ್ಟದ ಇಎನ್8 ತುಂಡು ಗುಜರಿಗೆ. ಇಎನ್24ಕ್ಕೆ ಬೆಲೆ ಹೆಚ್ಚು, ಅದನ್ನು ಇಟ್ಟುಕೊಳ್ಳುತ್ತೇನೆ.

ಪ್ಲೇಟಿನ ವಿಷಯ ಇನ್ನೂ ಹಿಡಿತಕ್ಕೆ ಬಂದಿಲ್ಲ. ಗ್ಯಾಸ್ ಕಟಿಂಗ್ ಆದಮೇಲೆ ಉಳಿಯುವುದು ಅಂಕುಡೊಂಕು ಆಕಾರ, ಒಂದು ಅಳತೆ ಬರೆದರೆ ಸಾಲದು. ಸದ್ಯಕ್ಕೆ ಅದರಲ್ಲಿ ಕೂರುವ ಅತಿ ದೊಡ್ಡ ಆಯತದ ಉದ್ದ-ಅಗಲ ಬರೆದು, ಮೇಲೆ ಟೇಪ್ ಹಿಡಿದು ಮೊಬೈಲಲ್ಲಿ ಒಂದು ಫೋಟೊ ತೆಗೆದಿಡುತ್ತಿದ್ದೇನೆ.