ಹತ್ತನೇ ಒಂದು ಸೆಕೆಂಡಿಗೆ ಒಂದು ಕಿಲೋಮೀಟರ್: ಇಂಟರ್‌ಸೆಪ್ಟರ್ ಸಿಮ್ಯುಲೇಷನ್ ಬರೆದ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ರಾಕೆಟ್ ಎಂಜಿನಿಯರ್ ಅಲ್ಲ. ಬೆಂಗಳೂರಿನಲ್ಲಿ ಕೂತು ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುವವನು. ಕ್ಷಿಪಣಿಗಳಿಗೂ ನನಗೂ ಇರುವ ನಂಟು ಅಂದರೆ, ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒದ ರಾಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇಯ ಹತ್ತಿರ ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು, ಅಷ್ಟೇ. ಆದರೂ ರಾತ್ರಿ ಊಟ ಆದ ಮೇಲೆ ಕೂತು ಕೂತು, ಖಂಡಾಂತರ ಕ್ಷಿಪಣಿಯನ್ನು ನೆಲದಿಂದ ಹಾರಿ ಹೊಡೆಯುವ ಇಂಟರ್‌ಸೆಪ್ಟರ್‌ನ ಸಿಮ್ಯುಲೇಷನ್ ಒಂದನ್ನು ಬರೆದೆ. ಆರು ತಿಂಗಳು ಹಿಡಿಯಿತು.

ಹುಚ್ಚು ಹತ್ತಿಸಿದ್ದು ಒಂದು ಸುದ್ದಿ. 2019ರ ಮಾರ್ಚ್ 25ರಂದು ಅಮೆರಿಕ ಒಂದು ಪರೀಕ್ಷೆ ಮಾಡಿತು. ಪೆಸಿಫಿಕ್ ಸಾಗರದ ಕ್ವಾಜಲೀನ್ ದ್ವೀಪದಿಂದ ಗುರಿ ಕ್ಷಿಪಣಿ ಹಾರಿತು. ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದ ಅದರ ಮೇಲೆ ಒಂದಲ್ಲ, ಎರಡು ಇಂಟರ್‌ಸೆಪ್ಟರ್ ಬಿಟ್ಟರು. ಮೊದಲನೆಯದು ಸಿಡಿತಲೆಗೇ ಗುದ್ದಿ ಪುಡಿ ಮಾಡಿತು. ಹಿಂದೆ ಬಂದ ಎರಡನೆಯದು ಆ ಚೂರುಗಳ ರಾಶಿಯನ್ನು ನೋಡಿತು. ಬೇರೆ ಸಿಡಿತಲೆ ಕಾಣಲಿಲ್ಲ. ಸರಿ ಅಂತ, ಉಳಿದವುಗಳಲ್ಲಿ ಹೆಚ್ಚು ಅಪಾಯ ಅನಿಸಿದ ತುಂಡನ್ನು ತಾನೇ ಆರಿಸಿ ಹೊಡೆಯಿತು. ಓದಿದಾಗ ನನಗೆ ಹೊಳೆದದ್ದು ಒಂದೇ ಪ್ರಶ್ನೆ. ಈ 'ಆರಿಸಿ' ಅನ್ನುವ ಫಂಕ್ಷನ್ ಒಳಗೆ ಏನು ಬರೆದಿರುತ್ತಾರೆ?

ಹಿನ್ನೆಲೆ ಚಿಕ್ಕದಾಗಿ. ಅಮೆರಿಕದ ಈ ನೆಲದ ಇಂಟರ್‌ಸೆಪ್ಟರ್‌ಗಳು ಒಟ್ಟು 44. ಅಲಾಸ್ಕಾದ ಫೋರ್ಟ್ ಗ್ರೀಲಿಯಲ್ಲಿ 40, ವ್ಯಾಂಡನ್‌ಬರ್ಗ್‌ನಲ್ಲಿ 4. ಮೊದಲನೆಯದನ್ನು ನೆಲದೊಳಗಿನ ಕೊಳವೆಗೆ ಇಳಿಸಿದ್ದು 2004ರಲ್ಲಿ. ದೊಡ್ಡ ರಾಕೆಟ್ಟಿನ ತುದಿಯಲ್ಲಿ ಸುಮಾರು 64 ಕಿಲೋ ತೂಕದ ಒಂದು ಪುಟ್ಟ ಯಂತ್ರ ಇರುತ್ತದೆ. ಅದರಲ್ಲಿ ಬಾಂಬ್ ಇಲ್ಲ. ಬಾಹ್ಯಾಕಾಶದಲ್ಲಿ ಬೇರ್ಪಟ್ಟು, ಇನ್‌ಫ್ರಾರೆಡ್ ಕಣ್ಣಿನಲ್ಲಿ ಗುರಿಯನ್ನು ಹುಡುಕಿ, ಸುಮ್ನೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಆ ವೇಗದಲ್ಲಿ ಡಿಕ್ಕಿಯೇ ಸಾಕು.

ಅಲಾಸ್ಕಾ ಯಾಕೆ ಅನ್ನುವುದು ನನಗೆ ಗೊತ್ತಾಗಿದ್ದು ಮಗಳ ಗ್ಲೋಬ್‌ನಿಂದ. ಉತ್ತರ ಕೊರಿಯಾದ ಮೇಲೆ ದಾರದ ಒಂದು ತುದಿ ಇಟ್ಟು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದು ಬಿಗಿ ಮಾಡಿದೆ. ಪೆಸಿಫಿಕ್ ನಡುವೆ ಹೋಗಬೇಕಿದ್ದ ದಾರ ಜಾರಿ ಮೇಲಕ್ಕೆ ಹೋಯಿತು, ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ತಲೆಯ ಮೇಲೆ. ಗೋಡೆಯ ಮೇಲಿನ ನಕ್ಷೆ ನೋಡಿ ಬೆಳೆದವರಿಗೆ ಇದು ಹೊಳೆಯುವುದೇ ಇಲ್ಲ, ಅಲ್ವಾ?

ಮೊದಲ ಪ್ರೋಗ್ರಾಂ ಎರಡು ವಾರದಲ್ಲಿ ಮುಗಿಯಿತು. ಮೊದಲ ಓಟದಲ್ಲೇ ಡಿಕ್ಕಿ! ಹತ್ತು ಸಲ ಓಡಿಸಿದರೆ ಹತ್ತೂ ಸಲ ಡಿಕ್ಕಿ. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮಲಗಿದ ಮೇಲೆ ತಲೆಗೆ ಬಂತು: ನನ್ನ ಇಂಟರ್‌ಸೆಪ್ಟರ್‌ಗೆ ಗುರಿ ಎಲ್ಲಿದೆ ಅಂತ ಹೇಳುತ್ತಿದ್ದವರು ಯಾರು? ನಾನೇ. ಗುರಿಯ ನಿಜವಾದ ಸ್ಥಾನವನ್ನು ನೇರವಾಗಿ ಅದರ ಕೈಗೆ ಕೊಟ್ಟಿದ್ದೆ. ಪರೀಕ್ಷೆಗೆ ಉತ್ತರ ಪತ್ರಿಕೆಯನ್ನೇ ಹಂಚಿದ ಹಾಗೆ. ಆಮೇಲೆ ನಾನೊಂದು ಅಭ್ಯಾಸ ಮಾಡಿಕೊಂಡೆ. ತಪ್ಪಿದ ಓಟಗಳನ್ನು ಬಿಟ್ಟು, ಹೊಡೆದ ಓಟಗಳನ್ನೇ ಜಾಸ್ತಿ ಅನುಮಾನದಿಂದ ನೋಡುವುದು.

ಹಾಗಾಗಿ ನಡುವೆ ರಾಡಾರ್ ತಂದೆ. ರಾಡಾರ್ ಅಂದರೆ ತಪ್ಪು ಇದ್ದೇ ಇರುತ್ತದೆ. ದೂರವನ್ನು ಚೆನ್ನಾಗಿ ಅಳೆಯುತ್ತದೆ, ಕೋನದಲ್ಲಿ ಸ್ವಲ್ಪ ಎಡವುತ್ತದೆ. 2,000 ಕಿಲೋಮೀಟರ್ ದೂರದಲ್ಲಿ ಒಂದು ಡಿಗ್ರಿಯ ಸಾವಿರದ ಒಂದು ಭಾಗ ತಪ್ಪಿದರೂ 35 ಮೀಟರ್ ಆಚೆ ಈಚೆ. ಗುರಿಯ ಉದ್ದ ಒಂದೆರಡು ಮೀಟರ್. ಅಂದರೆ ರಾಡಾರ್ ಏನಿದ್ದರೂ ಬೀದಿ ತೋರಿಸುತ್ತದೆ, ಮನೆಯನ್ನು ಇಂಟರ್‌ಸೆಪ್ಟರ್ ತನ್ನ ಕಣ್ಣಿನಿಂದಲೇ ಹುಡುಕಿಕೊಳ್ಳಬೇಕು.

ಕಣ್ಣಿಗೆ ಕಂಡ ಮೇಲೆ ದಾರಿ ಹಿಡಿಯುವ ಲೆಕ್ಕ ಹಳೆಯದು, ಸುಲಭ. ಬೈಕಿನಲ್ಲಿ ಹೋಗುವಾಗ ಅಡ್ಡರಸ್ತೆಯಿಂದ ಇನ್ನೊಂದು ಬೈಕ್ ಬರುತ್ತಿದೆ ಅನ್ನಿ. ಅದು ನಿಮ್ಮ ಕಣ್ಣಿಗೆ ಹಿಂದಕ್ಕೋ ಮುಂದಕ್ಕೋ ಸರಿಯುತ್ತಿದ್ದರೆ ಚಿಂತೆ ಇಲ್ಲ. ಇದ್ದ ಕಡೆಯೇ ಇದ್ದು ಬರೀ ದೊಡ್ಡದಾಗುತ್ತಿದ್ದರೆ ಡಿಕ್ಕಿ ಖಚಿತ. ನಾವು ಅದನ್ನು ತಪ್ಪಿಸುತ್ತೇವೆ, ಇಂಟರ್‌ಸೆಪ್ಟರ್ ಅದನ್ನೇ ಬಯಸುತ್ತದೆ. ಗುರಿ ಕಣ್ಣಿನಲ್ಲಿ ಎಷ್ಟು ಸರಿಯಿತೋ ಅಷ್ಟಕ್ಕೆ ತಕ್ಕಂತೆ ಪಕ್ಕದ ಎಂಜಿನ್ ಉರಿಸುವುದು. ಹತ್ತು ಸಾಲಿನ ಕೋಡ್.

ಆದರೆ ಇಂಧನ ಲೆಕ್ಕದ್ದು. 5 ಕಿಲೋಮೀಟರ್ ಪಕ್ಕಕ್ಕೆ ಸರಿಯಬೇಕು ಅಂತ 100 ಸೆಕೆಂಡ್ ಮುಂಚೆ ತಿಳಿದರೆ ಸೆಕೆಂಡಿಗೆ 50 ಮೀಟರ್ ಅಡ್ಡವೇಗ ಸಾಕು. 10 ಸೆಕೆಂಡ್ ಇರುವಾಗ ತಿಳಿದರೆ 500 ಮೀಟರ್ ಬೇಕು. ತಡವಾಗಿ ಗೊತ್ತಾದ ತಪ್ಪು ಹತ್ತು ಪಟ್ಟು ದುಬಾರಿ. ಸಾಲದ ಬಡ್ಡಿಗಿಂತ ಕೆಟ್ಟದ್ದು. (ಬ್ಯಾಂಕಿನ ಕೆಲಸ, ನೆನಪಾಗುವುದು ಅದೇ.)

ಇನ್ನು ಗಡಿಯಾರದ ಕಥೆ. ಒಂದು ತಿಂಗಳು ನಿದ್ದೆ ಕೆಡಿಸಿದ್ದು ಇದೇ.

ಗುರಿ ಮತ್ತು ಇಂಟರ್‌ಸೆಪ್ಟರ್ ಎದುರುಬದುರಾಗಿ ಬರುವಾಗ ಅಂತರ ಕಡಿಮೆಯಾಗುವ ವೇಗ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್. ಪ್ರೋಗ್ರಾಂ ಸಮಯವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ, ಒಂದೊಂದು ಹೆಜ್ಜೆಗೂ ಎರಡೂ ಎಲ್ಲಿವೆ ಅಂತ ಲೆಕ್ಕ ಹಾಕುತ್ತದೆ. ನಾನು ಮೊದಲು ಇಟ್ಟಿದ್ದ ಹೆಜ್ಜೆ ಹತ್ತನೇ ಒಂದು ಸೆಕೆಂಡ್. ಅಂದರೆ ಒಂದು ಹೆಜ್ಜೆಗೆ ಒಂದು ಕಿಲೋಮೀಟರ್! ಒಂದು ಹೆಜ್ಜೆಯಲ್ಲಿ ಗುರಿ ಮುಂದಿದೆ, ಮುಂದಿನ ಹೆಜ್ಜೆಯಲ್ಲಿ ಹಿಂದೆ ಹೋಗಿದೆ. ಡಿಕ್ಕಿ ಎರಡರ ನಡುವೆ ಎಲ್ಲೋ ಕಳೆದುಹೋಗಿದೆ. ಹೆಜ್ಜೆಯನ್ನು ನೂರನೇ ಒಂದು ಸೆಕೆಂಡಿಗೆ ಇಳಿಸಿದೆ. ಕೊನೆಯ ಕ್ಷಣಗಳಿಗೆ ಇನ್ನೂ ಸಣ್ಣದು ಮಾಡಿದೆ. ಸರಿಹೋಗಬೇಕಿತ್ತು. ಆದರೆ ಪ್ರತಿ ಓಟದಲ್ಲೂ ಹತ್ತಿರ ಹತ್ತಿರ 5 ಕಿಲೋಮೀಟರ್ ತಪ್ಪತೊಡಗಿತು. ಒಂದೇ ದಿಕ್ಕಿಗೆ, ಒಂದೇ ಅಳತೆಗೆ.

ಗುರುತ್ವ ನೋಡಿದೆ. ಮೊದಲು ಅದರಲ್ಲೂ ತಪ್ಪಿತ್ತು, ಎಲ್ಲ ಎತ್ತರಕ್ಕೂ 9.81 ಅಂತಲೇ ಇಟ್ಟಿದ್ದೆ. 1,200 ಕಿಲೋಮೀಟರ್ ಮೇಲೆ ಅದು 7ಕ್ಕಿಂತ ಕಡಿಮೆ. ತಿದ್ದಿದೆ. ಭೂಮಿ ತಿರುಗುವುದನ್ನೂ ಸೇರಿಸಿದೆ. ಆದರೂ ಅದೇ 5 ಕಿಲೋಮೀಟರ್.

ಕೊನೆಗೆ ಸಿಕ್ಕಿದ್ದು ಯಾರೂ ನೋಡದ ಜಾಗದಲ್ಲಿ. ಓಟ ಬೇಗ ಮುಗಿಯಲಿ ಅಂತ ಸಂಖ್ಯೆಗಳನ್ನೆಲ್ಲ 64 ಬಿಟ್‌ನಿಂದ 32 ಬಿಟ್‌ಗೆ ಇಳಿಸಿದ್ದೆ, ಅಂದರೆ ಕಂಪ್ಯೂಟರ್ ಒಂದೊಂದು ಸಂಖ್ಯೆಗೂ ಕೊಡುವ ಜಾಗ ಅರ್ಧ, ನಿಖರತೆಯೂ ಕಡಿಮೆ. ಗುರಿಯ ಫೈಲಿನಲ್ಲಿ ಹೆಜ್ಜೆಗಳನ್ನು ಎಣಿಸಿ ಸಮಯ ತೆಗೆಯುತ್ತಿದ್ದೆ. ಗುರಿ ಮುಂದೆ ಎಲ್ಲಿರುತ್ತದೆ ಅಂತ ಊಹಿಸುವ ಫೈಲಿನಲ್ಲಿ ಮಾತ್ರ 0.01 ಅನ್ನು ಕೂಡಿಸುತ್ತಾ ಹೋಗಿದ್ದೆ. ಬೈನರಿಯಲ್ಲಿ 0.01 ಪೂರ್ತಿ ಬರೆಯಲು ಆಗುವುದಿಲ್ಲ, ನಮ್ಮ ಮೂರನೇ ಒಂದರ ಹಾಗೆ. ಜೊತೆಗೆ ಮೊತ್ತ ದೊಡ್ಡದಾದಷ್ಟೂ ಕೂಡಿಸುವಾಗಿನ ತಪ್ಪು ಬೆಳೆಯುತ್ತದೆ. ಇಪ್ಪತ್ತು ನಿಮಿಷದ ಹಾರಾಟದಲ್ಲಿ ಒಂದು ಗಡಿಯಾರ ಇನ್ನೊಂದಕ್ಕಿಂತ ಮುಕ್ಕಾಲು ಸೆಕೆಂಡಿಗೂ ಜಾಸ್ತಿ ಮುಂದೆ ಓಡಿತ್ತು. ಸೆಕೆಂಡಿಗೆ 6 ಕಿಲೋಮೀಟರ್ ಹೋಗುವ ಗುರಿಗೆ ಲೆಕ್ಕ ಹಾಕಿ ನೋಡಿ. ಸರಿಯಾಗಿ ನನ್ನ 5 ಕಿಲೋಮೀಟರ್.

ಈ ತಪ್ಪನ್ನು ನನಗಿಂತ ಮುಂಚೆ ಮಾಡಿದವರಿದ್ದಾರೆ ಅಂತ ಆಮೇಲೆ ಓದಿ ತಿಳಿದೆ. 1991ರ ಫೆಬ್ರವರಿ 25, ಸೌದಿ ಅರೇಬಿಯಾದ ದಹ್ರಾನ್. ಕೊಲ್ಲಿ ಯುದ್ಧದ ಸಮಯ. ಅಲ್ಲಿದ್ದ ಅಮೆರಿಕದ ಪೇಟ್ರಿಯಟ್ ಎಂಬ ಕ್ಷಿಪಣಿ ತಡೆಯುವ ವ್ಯವಸ್ಥೆಯ ಕಂಪ್ಯೂಟರ್ ನಿಲ್ಲಿಸದೆ 100 ಗಂಟೆ ಓಡಿತ್ತು. ಅದು ಸಮಯವನ್ನು ಹತ್ತನೇ ಒಂದು ಸೆಕೆಂಡಿನಲ್ಲಿ ಎಣಿಸಿ, 24 ಬಿಟ್‌ನ 0.1ರಿಂದ ಗುಣಿಸುತ್ತಿತ್ತು. ಆ 0.1ರಲ್ಲಿದ್ದ ಕೊರತೆ 0.000000095. ನೂರು ಗಂಟೆಗೆ ಅದು 0.34 ಸೆಕೆಂಡ್ ಆಯಿತು. ಇರಾಕ್‌ನ ಸ್ಕಡ್ ಕ್ಷಿಪಣಿ ಬರುತ್ತಿತ್ತು, ರಾಡಾರ್ ಅದನ್ನು 600 ಮೀಟರಿಗೂ ಜಾಸ್ತಿ ಆಚೆ ಹುಡುಕಿತು. ಅಲ್ಲಿ ಏನೂ ಕಾಣಲಿಲ್ಲ. ಪೇಟ್ರಿಯಟ್ ಹಾರಲೇ ಇಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು ಮರುದಿನ.

ಅದನ್ನು ಓದಿದ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ನನ್ನದು ಆಟ. ಅವರದು ಅಲ್ಲ.

ವಾರ ಬಿಟ್ಟು ಮತ್ತೆ ತೆರೆದೆ. ಗಡಿಯಾರ ಸರಿಮಾಡುವುದು ಎರಡು ಸಾಲಿನ ಕೆಲಸ: ಎಲ್ಲ ಕಡೆ ಹೆಜ್ಜೆ ಎಣಿಸು, ಕೊನೆಗೊಮ್ಮೆ ಗುಣಿಸು, 64 ಬಿಟ್ ಬಳಸು. 32 ಬಿಟ್‌ನಲ್ಲಿ ಇನ್ನೊಂದು ಗುಂಡಿಯೂ ಇತ್ತು. ಭೂಮಿಯ ಕೇಂದ್ರದಿಂದ ಮೀಟರುಗಳಲ್ಲಿ ಅಳೆದರೆ, ಆ ಎತ್ತರದಲ್ಲಿ ಅದು ಅರ್ಧ ಮೀಟರ್‌ಗಿಂತ ಸಣ್ಣ ಅಂತರವನ್ನು ಹಿಡಿದಿಡುವುದೇ ಇಲ್ಲ.

ಆಮೇಲೆ ಇಂಟರ್‌ಸೆಪ್ಟರ್‌ಗೆ ನಡುಕ ಸೇರಿಸಿದೆ. ಇದು ನನ್ನ ಕಲ್ಪನೆ ಅಲ್ಲ. 2010ರ ಡಿಸೆಂಬರ್‌ನ ಅಮೆರಿಕದ ಪರೀಕ್ಷೆ ಸೋತದ್ದು ಇದರಿಂದಲೇ. ಪಕ್ಕಕ್ಕೆ ಸರಿಯಲು ತಾನೇ ಉರಿಸಿದ ಪುಟ್ಟ ಎಂಜಿನ್‌ಗಳ ಕಂಪನ, ದಿಕ್ಕು ಅಳೆಯುವ ತನ್ನದೇ ಉಪಕರಣಕ್ಕೆ ತಟ್ಟಿತು. ತಿದ್ದುಪಡಿಯ ನಂತರ ಆ ಮಾದರಿ ಗುರಿ ಹೊಡೆದದ್ದು 2014ರ ಜೂನ್‌ನಲ್ಲಿ. ಮೂರೂವರೆ ವರ್ಷ! ನನ್ನ ತಿಂಗಳಿನ ದುಃಖ ಏನೂ ಅಲ್ಲ ಅನಿಸಿತು.

ಈಗ ನನ್ನ ಪ್ರೋಗ್ರಾಂ ಪ್ರಾಮಾಣಿಕವಾಗಿ ಎರಡಕ್ಕೊಂದು ಸಲ ಹೊಡೆಯುತ್ತಿತ್ತು. ನಾನೇ ಆರಿಸಿಕೊಂಡ ಅಂಕಿಗಳು, ಅದಕ್ಕೆ ಬೆಲೆ ಇಲ್ಲ. ಅಮೆರಿಕದ ನಿಜ ಪರೀಕ್ಷೆಗಳಲ್ಲಿ ಯಶಸ್ಸು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅನ್ನುವುದು ಮಾತ್ರ ನಿಜ. ಅದಕ್ಕೇ ಒಂದು ಕ್ಷಿಪಣಿಗೆ ನಾಲ್ಕು ಬಿಡುವ ಮಾತು ಬರುವುದು. ಒಂದೊಂದೂ ಅರ್ಧ ಸಲ ತಪ್ಪಿದರೆ ನಾಲ್ಕೂ ತಪ್ಪುವುದು ಹದಿನಾರಕ್ಕೊಂದು ಸಲ. ಶೇ 94 ಯಶಸ್ಸು. ಕಾಗದದಲ್ಲಿ ಚೆನ್ನಾಗಿದೆ. ಆದರೆ ನಾಲ್ಕಕ್ಕೂ ಒಂದೇ ಕಣ್ಣು, ಒಂದೇ ಸಾಫ್ಟ್‌ವೇರ್. ನನ್ನ ಗಡಿಯಾರದ ತಪ್ಪನ್ನು ನಾಲ್ಕಕ್ಕೂ ಹಾಕಿ ಓಡಿಸಿದೆ. ನಾಲ್ಕೂ ಸಾಲಾಗಿ ಒಂದೇ ಜಾಗದಲ್ಲಿ ತಪ್ಪಿದವು. ಇನ್ನು, ನಾಲ್ಕರಂತೆ ಖರ್ಚಾದರೆ 44 ಎಂಬುದು 11 ಕ್ಷಿಪಣಿಗೆ ಮುಗಿಯಿತು.

ಕೊನೆಗೆ 'ಆರಿಸಿ' ಫಂಕ್ಷನ್‌ಗೆ ಬಂದೆ. ಇಂಟರ್‌ಸೆಪ್ಟರ್‌ನ ಕಣ್ಣಿಗೆ ಮೋಸ ಮಾಡಲು ಸಿಡಿತಲೆಯ ಜೊತೆ ಐದು ಬಲೂನ್ ಬಿಟ್ಟೆ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ. ಬಲೂನ್ ಆಗಲಿ ಬಾಂಬ್ ಆಗಲಿ, ಎರಡೂ ಒಂದೇ ದಾರಿಯಲ್ಲಿ ಒಂದೇ ವೇಗದಲ್ಲಿ ಬೀಳುತ್ತವೆ. ತೆರೆಯ ಮೇಲೆ ಆರು ಚುಕ್ಕಿ. ಮಗಳು ಬಂದು ನೋಡಿ "ಇದರಲ್ಲಿ ಬಾಂಬ್ ಯಾವುದು?" ಅಂದಳು. ಬಿಸಿ ಎಷ್ಟು, ಎಷ್ಟು ಬೇಗ ಆರುತ್ತಿದೆ, ಹೇಗೆ ತಿರುಗುತ್ತಿದೆ ಅಂತ ನೋಡಬಹುದು ಅಂದೆ. ಬಾಂಬನ್ನೂ ಬಲೂನಿನ ಒಳಗೆ ಇಟ್ಟುಬಿಟ್ಟರೆ? ಅಂದಳು. ಇದೇ ಪ್ರಶ್ನೆಯನ್ನು ಅಮೆರಿಕದ ಭೌತವಿಜ್ಞಾನಿಗಳು ದಶಕಗಳಿಂದ ಕೇಳುತ್ತಿದ್ದಾರೆ.

ಅದಕ್ಕೆ ಇನ್ನೊಂದು ಫೈಲ್ ಬರೆದೆ. ವಾತಾವರಣದ ಒಳಗೇ ಗುರಿ ಹೊಡೆಯುವ ಭಾರತದ ಎಎಡಿ ಇಂಟರ್‌ಸೆಪ್ಟರ್ 2007ರ ಡಿಸೆಂಬರ್ 6ರಂದು ಒಡಿಶಾದ ಕರಾವಳಿಯಲ್ಲಿ ಗುರಿಯನ್ನು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಹೊಡೆದಿತ್ತು. ಅಲ್ಲಿ ಗಾಳಿ ಇದೆ. ಗಾಳಿ ಸೇರಿಸಿದ ಕೂಡಲೇ ಆಟವೇ ಬೇರೆ. ಕಣದಲ್ಲಿ ರಾಗಿ ತೂರಿದ ಹಾಗೆ, ಹೊಟ್ಟು ಹಿಂದೆ ಉಳಿಯಿತು, ಕಾಳು ಮುಂದೆ ಬಂತು. ಐದು ಬಲೂನ್ ಮೇಲೆಯೇ ಸೋತು ನಿಂತವು. ಆರಿಸುವ ಗೋಜೇ ಇಲ್ಲ. ಆದರೆ ಖಂಡಾಂತರ ಕ್ಷಿಪಣಿಯ ವೇಗಕ್ಕೆ, ಗಾಳಿ ಶುರುವಾಗುವಲ್ಲಿಂದ 15 ಕಿಲೋಮೀಟರ್‌ಗೆ ಇಳಿಯಲು ಅರ್ಧ ನಿಮಿಷ. ಅಷ್ಟರಲ್ಲಿ ಇಂಟರ್‌ಸೆಪ್ಟರ್ ಎಷ್ಟು ದೂರ ಹೋದೀತು? ಒಂದು ಊರನ್ನು ಕಾಯಬಹುದು, ಒಂದು ದೇಶವನ್ನಲ್ಲ. ಇದಕ್ಕೆಂದೇ ಅಮೆರಿಕ ಹಿಂದೆ ಸ್ಪ್ರಿಂಟ್ ಎಂಬ ರಾಕೆಟ್ ಮಾಡಿತ್ತು. ಡಿಕ್ಕಿಯ ನಿಖರತೆ ಆಗ ಇರಲಿಲ್ಲ, ಅಣುಬಾಂಬನ್ನೇ ತುದಿಗೆ ಕಟ್ಟಿದ್ದರು. ಅದನ್ನು ಇಟ್ಟಿದ್ದ ನಾರ್ತ್ ಡಕೋಟಾದ ನೆಲೆ 1975ರ ಅಕ್ಟೋಬರ್‌ನಲ್ಲಿ ಪೂರ್ತಿ ಸಜ್ಜಾಯಿತು. ಮರುದಿನವೇ ಅಮೆರಿಕದ ಕೆಳಮನೆ ಅದನ್ನು ಮುಚ್ಚಲು ಮತ ಹಾಕಿತು.

ಈಗ ನನ್ನ ಫೋಲ್ಡರ್‌ನಲ್ಲಿ ಎರಡು ಫೈಲ್ ಇವೆ. ಒಂದರ ಹೆಸರು 'ಗಾಳಿ ಇದೆ', ಇನ್ನೊಂದರದು 'ಗಾಳಿ ಇಲ್ಲ'. ಮೊದಲನೆಯದರಲ್ಲಿ ಆರಿಸುವ ಫಂಕ್ಷನ್ ಹದಿನೆಂಟು ಸಾಲು, ಕೆಲಸ ಮಾಡುತ್ತದೆ. ಎರಡನೆಯದರಲ್ಲಿ ಇನ್ನೂ ಒಂದೇ ಸಾಲು: ಆರರಲ್ಲಿ ಯಾವುದಾದರೂ ಒಂದು.