ಇಪ್ಪತ್ತು ಗೂಡುಪೆಟ್ಟಿಗೆ, ಒಂದು ಈಗಲ್

ಹಕ್ಕಿಗೂಡಿನ ಪೆಟ್ಟಿಗೆ ಮಾಡಿದರೆ ಈಗಲ್ ಸಿಗುತ್ತಾ ಅಂತ ಕೇಳದವರೇ ಇಲ್ಲ. ಈಗಲ್ ಅಂದರೆ ಅಮೆರಿಕದ ಸ್ಕೌಟಿನಲ್ಲಿ ಎಲ್ಲಕ್ಕಿಂತ ಮೇಲಿನ ಪದವಿ, ಅದಕ್ಕೆ ಊರಿಗೆ ಉಪಯೋಗವಾಗುವ ಒಂದು ಪ್ರಾಜೆಕ್ಟನ್ನು ನಾವೇ ಯೋಜಿಸಿ, ಮುಂದೆ ನಿಂತು ಬೇರೆಯವರಿಂದ ಮಾಡಿಸಬೇಕು. ನಮ್ಮ ಟ್ರೂಪಿನ, ಅಂದರೆ ಸ್ಕೌಟ್ ತಂಡದ, ಒಬ್ಬ ಹುಡುಗಿಯ ಅಪ್ಪ ಮುಖಕ್ಕೇ ಹೇಳಿದ್ದರು, "ಅದು ಕಬ್ ಸ್ಕೌಟ್ ಮಕ್ಕಳ ಕೆಲಸ, ನೀನು ಬೆಂಚೋ ಸೇತುವೆಯೋ ಮಾಡು" ಅಂತ. ಊರಿಂದ ವಿಡಿಯೋ ಕಾಲ್ ಮಾಡಿದಾಗ ಅಜ್ಜಿ, "ಹಕ್ಕಿಗೆ ಮನೆ ಕಟ್ಟಿಕೊಟ್ಟರೆ ಮೆಡಲ್ ಕೊಡ್ತಾರೇನೇ?" ಅಂದಿದ್ದರು. ಕೊಟ್ಟರು! ಕಳೆದ ತಿಂಗಳು ಬೋರ್ಡ್ ಆಫ್ ರಿವ್ಯೂ, ಅಂದರೆ ಕೊನೆಯ ಸಂದರ್ಶನ, ಮುಗಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈಗಲ್ಲಿಗಿಂತ ಒಂದು ಮೆಟ್ಟಿಲು ಕೆಳಗಿನ ಲೈಫ್ ಪದವಿ ಆದ ಮೇಲೆ ಆರು ತಿಂಗಳು, 21 ಬ್ಯಾಡ್ಜ್, ವರ್ಕ್‌ಬುಕ್ಕು, ನಾಲ್ಕು ಸಹಿ, ಇದೆಲ್ಲ ಸ್ಕೌಟ್ ಮಕ್ಕಳಿಗೆ ಗೊತ್ತು, ಬಿಡಿ. ಒಂದು ಮಾತು ಮಾತ್ರ. ಪರ್ಸನಲ್ ಮ್ಯಾನೇಜ್‌ಮೆಂಟಿನ ಬ್ಯಾಡ್ಜಿಗೆ ಬೇಕಾದ 13 ವಾರದ ಹಣದ ಲೆಕ್ಕ ಬರೆಯುವುದನ್ನು ಇನ್ನೂ ಶುರು ಮಾಡಿಲ್ಲ ಅಂದರೆ ಇವತ್ತೇ ಮಾಡಿ. ನಮ್ಮ ಟ್ರೂಪಿನಲ್ಲೇ ಒಬ್ಬಳು, ಎಲ್ಲ ಮುಗಿಸಬೇಕಾದ ಗಡುವಾದ 18 ತುಂಬುವ ಎರಡು ವಾರ ಮುಂಚೆ, ಅದರಿಂದ ಒದ್ದಾಡಿದ್ದನ್ನು ನೋಡಿದ್ದೇನೆ.

ನನ್ನ ಮೊದಲ ಐಡಿಯಾ ಹಕ್ಕಿ ಅಲ್ಲವೇ ಅಲ್ಲ. ಕೆರೆ ಕ್ಲೀನ್ ಮಾಡುವುದು. ಒಪ್ಪಿಗೆ ಕೊಡಬೇಕಾದ ಸ್ಕೌಟಿನ ಹಿರಿಯರಿಂದ ಪ್ರಪೋಸಲ್ ವಾಪಸ್ ಬಂತು. ಕಸ ಹೆಕ್ಕುವುದರಲ್ಲಿ ನೀನು ಯೋಜನೆ ಮಾಡುವುದು ಏನಿದೆ, ಯಾರಿಗೆ ಏನು ಹೇಳಿಕೊಡುತ್ತೀಯ ಅಂತ ಕೇಳಿದರು. ನನಗೆ ಸಿಟ್ಟು ಬಂತು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ಗೂಡುಪೆಟ್ಟಿಗೆ ಹೊಳೆದದ್ದು ನಮ್ಮ ಹಿತ್ತಿಲಲ್ಲಿ. ಹದಿನಾಲ್ಕನೇ ವಯಸ್ಸಿಗೆ ಸುಮ್ನೆ ಎರಡು ಪೆಟ್ಟಿಗೆ ಮಾಡಿ ಮರಕ್ಕೆ ಹೊಡೆದಿದ್ದೆ. ಒಂದರಲ್ಲಿ ಬ್ಲೂಬರ್ಡ್ ಅನ್ನುವ ಪುಟ್ಟ ನೀಲಿ ಹಕ್ಕಿ ಮೊಟ್ಟೆ ಇಟ್ಟಿತು, ನಾಲ್ಕೇ ದಿನದಲ್ಲಿ ಕಪ್ಪು ರ್‍ಯಾಟ್ ಸ್ನೇಕ್ ಮರ ಹತ್ತಿ ಅಷ್ಟನ್ನೂ ನುಂಗಿತು. ಇನ್ನೊಂದನ್ನು ಗುಬ್ಬಚ್ಚಿ ಹಿಡಿದುಕೊಂಡಿತು. ಇಲ್ಲಿ ಒಂದು ತಮಾಷೆ ಇದೆ. ನಮ್ಮೂರಲ್ಲಿ ಮಾರ್ಚ್ 20, ವಿಶ್ವ ಗುಬ್ಬಚ್ಚಿ ದಿನ, ಬಂದರೆ ಗುಬ್ಬಿ ಉಳಿಸಿ ಅಂತ ಪೆಟ್ಟಿಗೆ ಹಂಚುತ್ತಾರೆ. ಅಮೆರಿಕದಲ್ಲಿ ಅದೇ ಗುಬ್ಬಿ ವಿಲನ್. 1850ರ ದಶಕದಲ್ಲಿ ಯುರೋಪಿನಿಂದ ನ್ಯೂಯಾರ್ಕಿಗೆ ತಂದು ಬಿಟ್ಟ ಹಕ್ಕಿ ಅದು. ಬ್ಲೂಬರ್ಡ್ ಮರಿಗಳನ್ನು ಕುಕ್ಕಿ ಕೊಂದು ಅದರ ಮೇಲೇ ತನ್ನ ಗೂಡು ಕಟ್ಟುತ್ತದೆ. ಇದನ್ನು ಅಜ್ಜಿಗೆ ಹೇಳಿದರೆ, "ಗುಬ್ಬೀನ ಓಡಿಸ್ತೀಯಾ, ಪಾಪ ಬರುತ್ತೆ" ಅಂತ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆ ಎರಡು ಸೋತ ಪೆಟ್ಟಿಗೆಗಳನ್ನೇ ಪ್ರಪೋಸಲ್ಲಿನಲ್ಲಿ ಬರೆದೆ. ಮರಕ್ಕೆ ಹೊಡೆಯುವುದು ಬೇಡ, ಕಂಬ ಬೇಕು. ಕಂಬಕ್ಕೆ ಹಾವು ಹತ್ತದ ಹಾಗೆ ಸ್ಟೋವ್‌ಪೈಪಿನ ಬ್ಯಾಫಲ್, ಅಂದರೆ ತಗಡಿನ ಕೊಳವೆಯ ತಡೆ, ಬೇಕು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ನೂರು ಗಜ ಅಂತರ ಬೇಕು. ಹಾಗಾದ ಮೇಲೆ ನಕ್ಷೆ, ಅಳತೆ, ಪೆಟ್ಟಿಗೆ ನೆಡಬೇಕಾದ ಪಾರ್ಕಿನವರ ಜೊತೆ ಓಡಾಟ ಎಲ್ಲ ತಾನಾಗೇ ಬಂತು. ಬೆಂಚು ಮಾಡು ಅಂದಿದ್ದ ಆ ಹುಡುಗಿಯ ಅಪ್ಪನಿಗೆ ಕಾಣದೇ ಇದ್ದದ್ದು ಇದೇ. ಪ್ರಾಜೆಕ್ಟ್ ದೊಡ್ಡದಿರಬೇಕು ಅಂತ ಎಲ್ಲೂ ಬರೆದಿಲ್ಲ, ಇಷ್ಟು ಗಂಟೆ ಆಗಲೇಬೇಕು ಅಂತಲೂ ಇಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಮೊದಲ ತಪ್ಪು ನನ್ನದೇ. ಅಗ್ಗಕ್ಕೆ ಸಿಕ್ಕಿತು ಅಂತ ಕೆಮಿಕಲ್ ಹಾಕಿದ ಪೈನ್ ಹಲಗೆ ತಂದೆ. ಹಕ್ಕಿ ಪೆಟ್ಟಿಗೆಗೆ ಅದು ಆಗಲ್ಲ. ಅರ್ಧ ವಾಪಸ್ ಕೊಟ್ಟರೂ ಮೂವತ್ತು ಡಾಲರ್ ಹೋಯಿತು. ಆಮೇಲೆ ಬೇಲಿಗೆ ಹಾಕುವ ಸೀಡರ್ ಹಲಗೆ ಹಿಡಿದೆ, ಆರಡಿಯ ಒಂದು ಹಲಗೆಗೆ ಒಂದು ಪೆಟ್ಟಿಗೆ ಆಗುತ್ತದೆ. ನೆಲದಲ್ಲಿ ರೀಬಾರ್, ಅಂದರೆ ಕಬ್ಬಿಣದ ಸರಳು, ಹೊಡೆದು ಅದರ ಮೇಲೆ ಕರೆಂಟಿನ ಕಾಂಡ್ಯೂಟ್ ಪೈಪ್ ತೂರಿಸಿದರೆ ಕಂಬ ಆಯಿತು, ಗುಂಡಿ ತೋಡುವುದೂ ಇಲ್ಲ, ಸಿಮೆಂಟೂ ಇಲ್ಲ. ಜಾಸ್ತಿ ದುಡ್ಡು ತಿಂದದ್ದು ಸ್ಟೋವ್‌ಪೈಪು. ಪೆಟ್ಟಿಗೆ ಒಂದಕ್ಕೆ ಮೂವತ್ತರ ಹತ್ತಿರ ಬಿತ್ತು, ಒಟ್ಟು ಆರುನೂರು ಚಿಲ್ಲರೆ. ನೂರು ಡಾಲರಿಗೂ ಹೆಚ್ಚು ಬೆಲೆಯ ಹಲಗೆ ಪುಕ್ಕಟೆ ಬಂತು. ಮರದ ಅಂಗಡಿಯವರನ್ನು ಯಾವ ಹೊತ್ತಿಗೆ, ಏನು ಕೈಯಲ್ಲಿ ಹಿಡಿದುಕೊಂಡು ಹೋಗಿ ಕೇಳಿದೆ ಅನ್ನುವುದನ್ನು ಇಲ್ಲಿ ಹೇಳಲ್ಲ. ನನ್ನ ತಮ್ಮನ ಪ್ರಾಜೆಕ್ಟ್ ಇನ್ನೂ ಬಾಕಿ ಇದೆ.

ಉಳಿದ ದುಡ್ಡಿಗೆ ಯುಗಾದಿ ಕಾರ್ಯಕ್ರಮದಲ್ಲಿ ಕೋಡುಬಳೆ ಮಾರುವುದು ಅಂತ ಇಟ್ಟುಕೊಂಡಿದ್ದೆ. ಅಮ್ಮ ಎರಡು ದಿನ ಕೂತು ಕರಿದರು. ಹಿಂದಿನ ದಿನ ಸ್ಕೌಟ್‌ಮಾಸ್ಟರ್ ಫೋನ್ ಮಾಡಿ, ಫಂಡ್‌ರೈಸಿಂಗ್ ಅರ್ಜಿಗೆ ಒಪ್ಪಿಗೆ ಬಂದಿದೆಯಾ ಅಂತ ಕೇಳಿದರು. ಅರ್ಜಿ ಹಾಕೇ ಇರಲಿಲ್ಲ! ಮನೆಯವರು, ನೆಂಟರು, ಟ್ರೂಪಿನವರು, ಪಾರ್ಕಿನವರು ಕೊಟ್ಟರೆ ಅರ್ಜಿ ಬೇಡ, ಹೊರಗಿನವರಿಗೆ ಮಾರಿದರೆ ಬೇಕು. ಒಂದು ತಿಂಗಳು ನಮ್ಮ ಮನೆಯಲ್ಲಿ ಬೆಳಗ್ಗೆ ಸಂಜೆ ಕೋಡುಬಳೆ. ಮತ್ತೆ ರಾಜ್ಯೋತ್ಸವಕ್ಕೆ ಕಾದು, ಅರ್ಜಿ ಹಾಕಿ, ಮಾರಿದೆವು. ಮುನ್ನೂರರ ಹತ್ತಿರ ಬಂತು. ತಡವಾದದ್ದೂ ಒಳ್ಳೆಯದೇ ಆಯಿತು, ಯಾಕೆಂದರೆ ನಾರ್ತ್ ಕ್ಯಾರೊಲಿನಾದಲ್ಲಿ ಬ್ಲೂಬರ್ಡ್ ಫೆಬ್ರವರಿಗೇ ಮನೆ ಹುಡುಕಲು ಶುರು ಮಾಡುತ್ತದೆ. ಏಪ್ರಿಲ್‌ನಲ್ಲಿ ನೆಟ್ಟಿದ್ದರೆ ಮೊದಲ ಮೊಟ್ಟೆ ತಪ್ಪಿಹೋಗುತ್ತಿತ್ತು.

ಗರಗಸದ ಕಥೆ ಬೇರೆ. ಸ್ಕೌಟ್ ನಿಯಮದಲ್ಲಿ 18 ಆಗದವರು ಕರೆಂಟಿನ ಗರಗಸ ಮುಟ್ಟುವಂತಿಲ್ಲ, ಡ್ರಿಲ್ ಆದರೆ 14ಕ್ಕೆ ಸರಿ. ಹಾಗಾಗಿ ಕುಯ್ಯುವ ಕೆಲಸ ಅಪ್ಪನಿಗೆ. ನಮ್ಮಪ್ಪ ಕೀಬೋರ್ಡ್ ಬಿಟ್ಟು ಬೇರೆ ಏನೂ ಹಿಡಿದವರಲ್ಲ. ಮೊದಲ ನಾಲ್ಕು ತಳದ ತುಂಡುಗಳು ಕಾಲು ಇಂಚು ದೊಡ್ಡದಾದವು. ಕಡೆಗೆ ರಟ್ಟಿನಲ್ಲಿ ಆರು ಅಚ್ಚು ಕತ್ತರಿಸಿ ಕೊಟ್ಟೆ, ಅದರ ಮೇಲೆ ಗೆರೆ ಎಳೆದು ಕುಯ್ದರು.

ಮೊದಲ ಕೆಲಸದ ದಿನ ಪೂರ್ತಿ ಸೋತೆ. ಹದಿನಾಲ್ಕು ಜನ ಬಂದಿದ್ದರು. ನಾನೇ ಅಳೆದೆ, ನಾನೇ ಡ್ರಿಲ್ ಹಿಡಿದೆ, ನಾನೇ ಸ್ಕ್ರೂ ಹಾಕಿದೆ, ಉಳಿದವರು ಪಿಜ್ಜಾ ತಿಂದು ಫೋನ್ ನೋಡಿದರು. ಐದು ಗಂಟೆಗೆ ಮೂರು ಪೆಟ್ಟಿಗೆ. ಸ್ಕೌಟ್‌ಮಾಸ್ಟರ್ ಹೊರಡುವಾಗ, "ಡ್ರಿಲ್ ಇಡೀ ದಿನ ನಿನ್ನ ಕೈಯಲ್ಲೇ ಇತ್ತಲ್ಲ" ಅಂದರು, ಅಷ್ಟೇ. ಆ ರಾತ್ರಿ ನಿದ್ದೆ ಬರಲಿಲ್ಲ. ಎರಡನೇ ಸಲ ಐದು ಮೇಜು ಹಾಕಿದೆ. ಪ್ರತಿ ಮೇಜಿಗೆ ಒಂದು ಅಚ್ಚು, ಒಂದು ಮುಗಿದ ಮಾದರಿ, ಒಬ್ಬಳು ಹೊಣೆಗಾರಳು. ನನ್ನ ಕೈಯಲ್ಲಿ ಪೆನ್ಸಿಲ್ ಬಿಟ್ಟು ಏನೂ ಇಟ್ಟುಕೊಳ್ಳಲಿಲ್ಲ. ಹನ್ನೊಂದು ವರ್ಷದ ಒಂದು ಹುಡುಗಿ ಬಾಗಿಲನ್ನು ತಲೆಕೆಳಗಾಗಿ ಕೂರಿಸುತ್ತಿದ್ದಳು, ಕೈ ತುರಿಸುತ್ತಿತ್ತು, ಆದರೂ ಅವಳ ಮೇಜಿನವಳನ್ನೇ ಕರೆದು ತೋರಿಸಿದೆ. ನಾಲ್ಕು ಗಂಟೆಗೆ ಹದಿನೇಳೂ ಮುಗಿದವು.

ನಡುವೆ ಕೆಲವು ಚೇಷ್ಟೆ ಮಾಡಿ ನೋಡಿದೆ. ಕಣಜ ಒಳಗೆ ಗೂಡು ಕಟ್ಟದಿರಲಿ ಅಂತ ಒಂದರ ಒಳಚಾವಣಿಗೆ ಬೇವಿನೆಣ್ಣೆ, ಇನ್ನೊಂದಕ್ಕೆ ಸ್ನಾನದ ಸೋಪು ಉಜ್ಜಿದೆ. ಬೇವಿನೆಣ್ಣೆಯ ಪೆಟ್ಟಿಗೆಯಲ್ಲಿ ಕಣಜ ಸುಖವಾಗಿ ಸಂಸಾರ ಮಾಡಿತು, ಸೋಪಿನದಕ್ಕೆ ಬರಲಿಲ್ಲ. ಬಾಗಿಲ ಒಳಮೈಗೆ ಅಡ್ಡಗೀರು ಹಾಕಿದೆ, ಮರಿ ಹತ್ತಿ ಹೊರಬರಲು. ತೂತು ಒಂದೂವರೆ ಇಂಚು, ಹೊರಗೆ ಕೂರುವ ಕಡ್ಡಿ ಬೇಡವೇ ಬೇಡ, ಅದು ಗುಬ್ಬಿಗೆ ಹಾಸಿದ ಚಾಪೆ.

ಮೊದಲ ವರ್ಷ ಇಪ್ಪತ್ತರಲ್ಲಿ ಹನ್ನೊಂದಕ್ಕೆ ಬ್ಲೂಬರ್ಡ್ ಬಂತು, ಮೂರಕ್ಕೆ ಚಿಕಡೀ ಅನ್ನುವ ಇನ್ನೊಂದು ಪುಟ್ಟ ಹಕ್ಕಿ, ಎರಡು ಗುಬ್ಬಿ ಪಾಲು, ಉಳಿದವು ಖಾಲಿ. ಹಾವಿಗೆ ಒಂದೂ ಹೋಗಲಿಲ್ಲ. ಒಂದು ಕಂಬದ ಬ್ಯಾಫಲ್ ಕೆಳಗೆ ಹಾವಿನ ಪೊರೆ ಮಾತ್ರ ಸಿಕ್ಕಿತು, ಅದರ ಫೋಟೋ ನನ್ನ ಫೋನಿನಲ್ಲಿ ಇದೆ, ಕೇಳಿದವರಿಗೆಲ್ಲ ತೋರಿಸುತ್ತೇನೆ.

ಬೋರ್ಡಿನಲ್ಲಿ ಮುಕ್ಕಾಲು ಗಂಟೆ ಕೂರಿಸಿದರು. ಪೆಟ್ಟಿಗೆ ಬಗ್ಗೆ ಹತ್ತು ನಿಮಿಷವೂ ಇರಲಿಲ್ಲ. ಆ ಮೂರು ಪೆಟ್ಟಿಗೆಯ ದಿನದ ಬಗ್ಗೆ ರಿಪೋರ್ಟಿನಲ್ಲಿ ಒಂದೂವರೆ ಪುಟ ಬರೆದಿದ್ದೆ, ಅಮ್ಮ ತೆಗೆದುಬಿಡು ಅಂದಿದ್ದರು. ಅವರು ಕೇಳಿದ್ದೆಲ್ಲ ಅದೇ ಪುಟದಿಂದ. ಮಿಕ್ಕಿದ ಮೂವತ್ತೆಂಟು ಡಾಲರ್ ನಿಯಮದಂತೆ ಪಾರ್ಕಿಗೆ ಕೊಟ್ಟೆ, ಅವರು ಅದರಲ್ಲಿ ಇನ್ನೊಂದು ಕಂಬ ನೆಟ್ಟಿದ್ದಾರೆ. ಅದಕ್ಕೆ ಪೆಟ್ಟಿಗೆ ಮಾಡುವುದು ಈಗ ತಮ್ಮನ ಸರದಿ. ಅವನ ಕೈಗೆ ಡ್ರಿಲ್ ಕೊಟ್ಟು ನಾನು ಪೆನ್ಸಿಲ್ ಹಿಡಿದು ನಿಂತಿದ್ದೇನೆ.