ಬೋಟಿನ ಡ್ರೈವ್‌ಗೆ ಕನ್ನಡಿ ಹೊಳಪು: ಕೆಲಸವೆಲ್ಲ ಕಾಗದದಲ್ಲೇ

ಎಂಜಿನ್ ಬಲವನ್ನು ಪ್ರೊಪೆಲ್ಲರಿಗೆ ಮುಟ್ಟಿಸುವ, ಮೋಟಾರ್ ಬೋಟಿನ ಡ್ರೈವ್‌ನ ಅಲ್ಯೂಮಿನಿಯಂ ಭಾಗಗಳಿಗೆ ಹೊಳಪು ಕೊಡಲು ಹೊರಟವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಮರಳುಕಾಗದ (ಸ್ಯಾಂಡ್‌ಪೇಪರ್) ಉಜ್ಜುವುದನ್ನು ಅರ್ಧಕ್ಕೆ ಬಿಟ್ಟು, ಬಟ್ಟೆ ಚಕ್ರ ತಿರುಗಿಸಿ ಹೊಳಪು ಕೊಡುವ ಬಫ್ ಯಂತ್ರ ಹಿಡಿಯುತ್ತಾರೆ. ಆಳದ ಗೀರನ್ನು ಬಫ್ ತೆಗೆಯುವುದಿಲ್ಲ, ಅದಕ್ಕೂ ಹೊಳಪು ಬರಿಸುತ್ತದೆ ಅಷ್ಟೆ.

ಮೊದಲು ಭಾಗ ಬಿಚ್ಚಿ, ಗ್ರೀಸ್ ತೊಳೆದು, ಹಳೆ ಬಣ್ಣ ತೆಗೆಯಿರಿ. ಕಾಸ್ಟಿಕ್ ಸೋಡಾ ಇರುವ ಪೇಂಟ್ ರಿಮೂವರ್ ಬೇಡ. ಅದು ಲೋಹವನ್ನೇ ತಿನ್ನುತ್ತದೆ. ಗ್ಯಾಸ್ಕೆಟ್ ಮುಖ, ಸೀಲ್, ಬೇರಿಂಗ್ ಕೂರುವ ಜಾಗಗಳಿಗೆ ಟೇಪ್ ಸುತ್ತಿ. ಅಲ್ಲಿ ಉಜ್ಜಿದರೆ ಗೇರ್ ಎಣ್ಣೆಗೆ ನೀರು ಸೇರುತ್ತದೆ.

ಈಗ ಉಜ್ಜುವುದು. ಎರಕದ ಮೈ ಒರಟಾಗಿದ್ದರೆ 180 ನಂಬರಿನ ಕಾಗದದಿಂದ, ಬರೀ ಮಂಕಾಗಿದ್ದರೆ 320ರಿಂದ ಶುರು ಮಾಡಿ; ನಂಬರ್ ಏರಿದಷ್ಟೂ ಕಾಗದ ನಯ. 180ರಿಂದ ಹೊರಟವರೂ 320 ಮುಗಿಸಿ, ಮುಂದೆ 400, 600, 800, 1000, 1500, ಒಂದನ್ನೂ ಹಾರಿಸಬೇಡಿ. ವಾಟರ್ ಪೇಪರನ್ನು ಸೋಪುನೀರಲ್ಲಿ ಅದ್ದಿ ಗಟ್ಟಿ ರಬ್ಬರ್ ತುಂಡಿಗೆ ಸುತ್ತಿಕೊಳ್ಳಿ. ಬೆರಳಿಂದಲೇ ಒತ್ತಿದರೆ ಬೆರಳಗಲದ ತಗ್ಗು ಬೀಳುತ್ತದೆ, ಅದು ಕಣ್ಣಿಗೆ ಬೀಳುವುದು ಹೊಳಪು ಬಂದ ಮೇಲೆ. 400 ಅನ್ನು ಉದ್ದಕ್ಕೆ ಎಳೆದಿದ್ದರೆ 600 ಅನ್ನು ಅಡ್ಡಕ್ಕೆ ಎಳೆಯಿರಿ. ಅಡ್ಡ ಗೀರುಗಳ ನಡುವೆ ಒಂದೇ ಒಂದು ಉದ್ದ ಗೀರು ಕಂಡರೂ ಆ ಹಂತ ಮುಗಿದಿಲ್ಲ. ಒದ್ದೆ ಮೈಯಲ್ಲಿ ಗೀರು ಅಡಗಿರುತ್ತದೆ. ಒಣಗಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಕಾಗದ ಬದಲಿಸಿದಾಗಲೆಲ್ಲ ನೀರನ್ನೂ ಬದಲಿಸಿ. ಬಕೆಟ್ಟಿನಲ್ಲಿ ಉಳಿದ 320ರ ಒಂದು ಕಣ ಸಾಕು, 1000ದ ಕೆಲಸ ಹಾಳು.

ಸೂಜಿಮೊನೆಯಂಥ ಕಪ್ಪು ಚುಕ್ಕೆ ಉಳಿದರೆ, ಅದನ್ನಷ್ಟೇ ಕೆರೆಯದೆ ಸುತ್ತಲ ಮೈಯನ್ನೆಲ್ಲ ಸಮನಾಗಿ ಇಳಿಸಿ. ಎರಕದೊಳಗಿನ ಗಾಳಿಗುಳಿಯಾದರೆ ಉಜ್ಜಿದಷ್ಟೂ ಹೊಸದು ತೆರೆದುಕೊಳ್ಳುತ್ತದೆ, ಅಲ್ಲಿಗೆ ಬಿಟ್ಟುಬಿಡಿ. ಸ್ಟೀಲ್ ಬ್ರಷ್, ಸ್ಟೀಲ್ ವುಲ್ ಮುಟ್ಟಬೇಡಿ. ಉಕ್ಕಿನ ಚೂರು ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಹುದುಗಿದರೆ ನೀರು ಸೋಕಿದಾಗ ಅದರ ಸುತ್ತ ಲೋಹ ಕೊರೆದುಹೋಗುತ್ತದೆ. ಉಜ್ಜದೆಯೇ ಹೊಳಪು ಎಂದು ಮಾರುವ ಆಸಿಡ್ ದ್ರಾವಣಗಳಿಂದ ಮೈ ಬಿಳುಪಾಗುತ್ತದೆ, ಕನ್ನಡಿಯಾಗುವುದಿಲ್ಲ.

ಬಫಿಂಗ್ ಸಲೀಸು: ಹೊಲಿದ ಹತ್ತಿ ಚಕ್ರಕ್ಕೆ ಕಂದು ಟ್ರಿಪೋಲಿ ಸೋಪು (ಸೋಪಿನಂಥ ಗಟ್ಟಿ ಪಾಲಿಶ್), ಆಮೇಲೆ ಸಡಿಲ ಚಕ್ರಕ್ಕೆ ಬಿಳಿ ಸೋಪು. ಒಂದೇ ಚಕ್ರಕ್ಕೆ ಎರಡನ್ನೂ ಹಚ್ಚಬೇಡಿ. ಕಪ್ಪು ಗೆರೆ ಮೂಡಿದರೆ ಸೋಪು ಹೆಚ್ಚಾಗಿದೆ. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಅಲ್ಯೂಮಿನಿಯಂ ದೂಳು ಬಿದ್ದಲ್ಲಿ ಉಕ್ಕು ಗ್ರೈಂಡ್ ಮಾಡಬೇಡಿ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ಕ್ಲಿಯರ್ ಕೋಟ್ (ಪಾರದರ್ಶಕ ವಾರ್ನಿಶ್) ಹೊಡೆಯಲೇಬೇಡಿ. ಕನ್ನಡಿಯಂಥ ಮೈಗೆ ಅದು ಸರಿಯಾಗಿ ಕಚ್ಚುವುದಿಲ್ಲ. ಗೀರು ಬಿದ್ದಲ್ಲಿ ಉಪ್ಪುನೀರು ನುಸುಳಿ, ಒಳಗೊಳಗೇ ಹುಳು ಹರಿದಂತೆ ಗೆರೆಗಳು ಹಬ್ಬುತ್ತವೆ. ಆಮೇಲೆ ಎಲ್ಲ ಮೊದಲಿಂದ. ಬದಲಿಗೆ ಮರೈನ್ ವ್ಯಾಕ್ಸ್ ಎರಡು ಸಲ ಹಚ್ಚಿ, ಪ್ರತಿ ಓಟದ ನಂತರ ಸಿಹಿನೀರಲ್ಲಿ ತೊಳೆಯಿರಿ. ಸದಾ ಉಪ್ಪುನೀರಲ್ಲೇ ನಿಲ್ಲುವ ಬೋಟಾದರೆ ಹೊಳಪಿನ ಆಸೆ ಬಿಟ್ಟು ಪ್ರೈಮರ್, ಬಣ್ಣ ಹೊಡೆಯಿರಿ. ತಾಮ್ರ ಬೆರೆತ ಬಣ್ಣ ಮಾತ್ರ ಬೇಡ. ಡ್ರೈವ್ ಬದಲು ತಾವೇ ಸವೆದು ಅದನ್ನು ಕಾಯುವ ಲೋಹದ ತುಂಡುಗಳಾದ ಆನೋಡ್‌ಗಳಿಗೆ ಬಣ್ಣ, ವ್ಯಾಕ್ಸ್ ಎರಡನ್ನೂ ಸೋಕಿಸಬೇಡಿ. ಅರ್ಧ ಸವೆದಿದ್ದರೆ ಹೊಸದನ್ನೇ ಹಾಕಿ ಡ್ರೈವ್ ಜೋಡಿಸಿ.